ಪ್ಯಾನೆಲ್ ಚರ್ಚೆಯ ಕೂಗಾಟ ಇಳಿಸಿದ್ದು ಹಿಂಗ: ನನ್ನ ಅನುಭವ

ರಾಜಕೀಯ ಮಾತಾಡೋ ನಾಲ್ಕು ಮಂದಿನ್ನ ಒಂದ್ ಮೇಜಿಗೆ ಕೂಡ್ಸಿ, ಬೆಳಗಾವಿ ಗಡಿ ವಿಷಯ ಕೊಟ್ಟು, ಹತ್ತಿರತ್ತಿರ ಒಂದ್ ತಾಸು ಕೂಗಾಟ ಇಲ್ದಂಗ ರೆಕಾರ್ಡ್ ಮಾಡೇನಿ ಅಂದ್ರ ಮುಂಬೈ ಸೌಂಡ್ ಲೈನ್‌ನಾಗ ಇರೋ ಗೆಳೆಯರು ಯಾರೂ ನಂಬಲಿಲ್ಲ. "ಎಡಿಟ್‌ನಾಗ ಕತ್ತರಿಸಿರ್ತಿ ಬಿಡೋ" ಅಂದ್ರು. ಎಡಿಟ್ ಮಾಡದ ಫೈಲ್ ಕೇಳಿಸಿದ ಮ್ಯಾಲೆ ಬಾಯಿ ಮುಚ್ಚಿತು, ಈಗ ಅವರಾಗೇ ಕೆಲವ್ರು ಸೆಟ್ಟಿಂಗ್ ಕೇಳಾಕ ಫೋನ್ ಮಾಡ್ತಾರ. ಹೊಸಬರಿಗೆ ಇಷ್ಟ ಹೇಳ್ತೀನಿ: ಫೇಡರ್ ಅಂದ್ರ ಮಿಕ್ಸರ್‌ನಾಗ ದನಿ ಏರಿಸಿ ಇಳಿಸೋ ಪಟ್ಟಿ, ಆಕ್ಸ್ ಅಂದ್ರ ಮಿಕ್ಸರ್‌ನಿಂದ ಬ್ಯಾರೆ ಕಡೆ ದನಿ ಕಳಿಸೋ ಲೈನ್, ಡಕರ್ ಅಂದ್ರ ಒಂದ್ ದನಿ ಏರಿದಾಗ ಇನ್ನೊಂದನ್ನ ತಾನಾಗೇ ಇಳಿಸೋ ಸಾಧನ.

ನಾ ಹುಬ್ಬಳ್ಳಿ ಕಡೆಯಾಂವ, ಇರೋದು ಡೊಂಬಿವಲಿ. ಅಂಧೇರಿ, ಲೋವರ್ ಪರೇಲ್ ಸ್ಟುಡಿಯೋದಾಗ ನ್ಯೂಸ್ ಆಡಿಯೋ ಫ್ರೀಲಾನ್ಸ್ ಭಾಳ ವರ್ಷ ಮಾಡೇನಿ. ಸಿಟ್ಟು ಹ್ಯಾಂಗ ತಯಾರಾಗ್ತೈತಿ ಅನ್ನೋದು ಪಿಸಿಆರ್‌ನಾಗ, ಅಂದ್ರ ಸ್ಟುಡಿಯೋದ ಕಂಟ್ರೋಲ್ ರೂಮಿನ್ಯಾಗ, ಕೂತವಂಗ ಗೊತ್ತು. ಒಂದ್ ಚಾನೆಲ್‌ನಾಗ, ಹೆಸರು ಬ್ಯಾಡ, ಪ್ರೊಡ್ಯೂಸರ್ ಟಾಕ್‌ಬ್ಯಾಕ್‌ನಾಗ (ಕಿವಿಗೆ ನೇರ ಮಾತಾಡೋ ಲೈನ್) ಆಂಕರ್‌ಗೆ "ತಡೀಬ್ಯಾಡ, ಇನ್ನೂ ಏರ್ಲಿ" ಅಂತಿದ್ದ, ನನಗ "ಎಲ್ಲಾ ಮೈಕ್ ತೆರೆದಿಡು" ಅಂತಿದ್ದ. ಬ್ರೇಕ್ ಬಂತು. ಆಗಷ್ಟ "ದೇಶದ್ರೋಹಿ" ಅಂತ ಮೇಜು ಕುಟ್ಟಿದಾಂವ ಎದುರಿನವಂಗ "ಮಗಳ ಅಡ್ಮಿಷನ್ ಆತೇನ್ರಿ?" ಅಂತ ಕೇಳಿದ, ಅಂಗಿಗೆ ಸಿಗಿಸಿದ ಲೇಪಲ್ ಮೈಕ್ ಆನ್ ಇತ್ತು, ನನ್ನ ಹೆಡ್‌ಫೋನ್‌ನಾಗ ಸ್ವಚ್ಛ ಕೇಳಿಸ್ತು. ಅವರೂ "ರುಯಿಯಾ ಕಾಲೇಜ್ ಸಿಗ್ಲಿಲ್ರಿ, ಠಾಣೆದಾಗ ಹಚ್ಚೇವಿ" ಅಂದ್ರು. ಕೌಂಟ್‌ಡೌನ್ ಶುರು ಆತು, ಗಂಟಲ ಸರಿ ಮಾಡ್ಕೊಂಡ, ಬಿಟ್ಟಲ್ಲಿಂದ ಮತ್ತ ದೇಶದ್ರೋಹಿ.

ಇದೇನು ನಮ್ಮವರೇ ಕಂಡುಹಿಡಿದಿದ್ದಲ್ಲ. 1968ರಾಗ ಅಮೆರಿಕದ ಎಬಿಸಿ ಟಿವಿ ರೇಟಿಂಗ್‌ನಾಗ ಮೂರನೇ ನಂಬರಿನ್ಯಾಗ ಇತ್ತು, ಬಲಪಂಥದ ಬರಹಗಾರ ಬಕ್ಲಿ ಮತ್ತ ಎಡಪಂಥದ ಬರಹಗಾರ ಗೋರ್ ವಿಡಾಲ್ ಇಬ್ಬರನ್ನ ಎದುರಾಬದುರು ಕೂಡ್ಸಿತು, ವಿಡಾಲ್ ಬಕ್ಲಿಗೆ ನಾತ್ಸಿ ಅಂದ, ಬಕ್ಲಿ ವಿಡಾಲ್‌ಗೆ ಮಾರಿಗೆ ಗುದ್ದತೀನಿ ಅಂದ. ಸಿಎನ್‌ಎನ್‌ದ ಕ್ರಾಸ್‌ಫೈರ್ ಅನ್ನೋ ಚರ್ಚಾ ಕಾರ್ಯಕ್ರಮಕ್ಕ 2004ರಾಗ ಹಾಸ್ಯಗಾರ ಜಾನ್ ಸ್ಟೀವರ್ಟ್ ಬಂದು ನೀವು ಮಾಡೋದು ಚರ್ಚೆ ಅಲ್ಲ, ನಾಟಕ ಅಂತ ಮಾರಿಗೇ ಹೇಳಿದ, ಮರುವರ್ಷ ಆ ಕಾರ್ಯಕ್ರಮ ಬಂದ್ ಆತು, ಕೂಗಾಟ ಎಲ್ಲಿ ಬಂದ್ ಆತ್ರಿ? ನಮ್ಮಲ್ಲಿ 2020 ಅಕ್ಟೋಬರ್‌ನಾಗ ಮುಂಬೈ ಪೊಲೀಸರ ಟಿಆರ್‌ಪಿ ಕೇಸ್ ಆದ ಮ್ಯಾಲೆ ಟಿವಿ ನೋಡೋರನ್ನ ಎಣಿಸೋ ಸಂಸ್ಥೆ ಬಾರ್ಕ್‌ನವ್ರು ನ್ಯೂಸ್ ರೇಟಿಂಗ್ ನಿಲ್ಲಿಸಿದ್ರು, 2022 ಮಾರ್ಚ್ ತನಕ ನಂಬರೇ ಇರಲಿಲ್ಲ. ಆಗಾದ್ರೂ ದನಿ ಇಳೀಬೇಕಿತ್ತಲ್ಲ. ನಾ ಆ ಟೈಮ್‌ನಾಗ ಡೆಸ್ಕ್ ಮ್ಯಾಲೇ ಇದ್ದೆ, ಮೀಟರ್ ಮೊದಲಿನಂಗ ಕೆಂಪಗೇ ಇರ್ತಿತ್ತು. ಬರೇ ರೇಟಿಂಗ್ ಅಲ್ಲ, ಇವರ ಕಿವಿಗೆ ನಾವು ಕೊಡೋ ಫೀಡ್‌ನಾಗೂ ಏನೋ ಐತಿ ಅಂತ ಆಗ ಹುಳಾ ಬಿಟ್ಕೊಂಡೆ.

ಮುಂದ ನಮ್ಮ ಕನ್ನಡ ಸಂಘದ ಹುಡುಗ್ರು ಯೂಟ್ಯೂಬ್‌ಗೆ ತಿಂಗಳಿಗೊಂದು ರಾಜಕೀಯ ಚರ್ಚೆ ಮಾಡ್ತೀವಿ ಅಂದ್ರು. ಬರೋರು ಒಬ್ರು ವಕೀಲರು, ಒಬ್ರು ರಿಟೈರ್ಡ್ ಬ್ಯಾಂಕ್ ಆಫೀಸರ್, ಒಬ್ರು ಯೂನಿಯನ್‌ನವ್ರು, ಒಬ್ರು ಟಿವಿಗೆ ಹೋಗಿ ಹೋಗಿ ಪಳಗಿದವ್ರು. ಮೊದಲನೇ ಎಪಿಸೋಡ್ ಅಕ್ಷರಶಃ ಸಂತಿ. ಅಧ್ಯಕ್ಷರಿಗೆ ಮಾತ್ರ ಖುಷಿ, "ಕೂಗದಿದ್ರ ಯಾರ್ ನೋಡ್ತಾರ್ ಮಾರಾಯಾ?"

ನಾ ಮೊದಲು ಮೈಕ್‌ಗಳ ದನಿ ತಾನಾಗೇ ಹೊಂದಿಸೋ ಆಟೋಮಿಕ್ಸ್ ಹಚ್ಚಿದೆ. ಕೆಲಸಕ್ಕ ಬರಲಿಲ್ಲ, ಯಾರ ದನಿ ಜೋರೋ ಆ ಮೈಕಿಗೇ ಗೇನ್, ಅಂದ್ರ ದನಿಬಲ, ಕೊಡ್ತೈತಿ, ಕೂಗಿದವಂಗ ಬಹುಮಾನ ಕೊಟ್ಟಂಗಾತು. ಆಮ್ಯಾಲೆ ಪ್ರತಿ ಚಾನೆಲ್‌ಗೆ ಡಕರ್ ಹಾಕಿ ಅದರ ಕೀ, ಅಂದ್ರ ಯಾವ ದನಿ ಕೇಳಿ ಅದು ಕೆಲಸ ಮಾಡಬೇಕು ಅನ್ನೋದನ್ನ, ಅದೇ ಮೈಕಿಗೆ ಕೊಟ್ಟೆ, ದನಿ ಏರಿದ್ರ ಹತ್ತು ಡಿಬಿ (ದನಿಯ ಅಳತಿ) ಹತ್ತಿರ ಕೆಳಗ ಬೀಳೋ ಹಂಗ. ರೆಕಾರ್ಡಿಂಗ್ ಚಲೋ ಬಂತು, ಆದ್ರ ರೂಮಿನ್ಯಾಗ ಕೂತವಂಗ ಅದು ಗೊತ್ತಾಗಬೇಕಲ್ಲ, ಅಂವ ಒದರೇ ಒದರ್ತಾನ, ವಿಡಿಯೋದಾಗ ಬಾವ್ಯಾಗ ಬಿದ್ದಾಂವ ಒದರಿದಂಗ ಕೇಳ್ತಿತ್ತು. ಫೇಡರ್ ಕೈಲೆ ಇಳಿಸೋದಂತೂ ಬ್ಯಾಡೇ ಬ್ಯಾಡ, ವಕೀಲರು ಪ್ಲೇಬ್ಯಾಕ್ ನೋಡಿ "ನನ್ನ ದನಿ ಕೊಂದ್ರಿ" ಅಂತ ಎದ್ದು ಹೋದ್ರು. ಅವರನ್ನ ಮತ್ತ ಕರೆತರಾಕ ಮಾಟುಂಗಾದಾಗ ಊಟ ಹಾಕಿಸಬೇಕಾತು, ಅದೂ ಖರ್ಚಿನ್ಯಾಗ ಬರ್ಕೊಳ್ರಿ.

ಕಡೀಗೆ ಹೊಳೆದಿದ್ದು ಮಿಕ್ಸ್ ಮೈನಸ್. ಟಿವಿಯಾಗ ಗೆಸ್ಟ್ ಕಿವಿಗೆ ಎಲ್ಲರ ದನಿ ಹೋಗ್ತೈತಿ, ಅವನದೊಂದು ಬಿಟ್ಟು, ಅದಕ್ಕೇ ಆ ಹೆಸರು. ಕಿವ್ಯಾಗ ಗದ್ದಲ ತುಂಬಿದ್ರ ಮನಷ್ಯಾ ತನಗ ಗೊತ್ತಿಲ್ದೇ ದನಿ ಏರಿಸ್ತಾನ, ಫ್ರಾನ್ಸಿನ ಡಾಕ್ಟರ್ ಲೊಂಬಾರ್ 1911ರಾಗೇ ಇದನ್ನ ಬರ್ದಿಟ್ಟಾನ. ತನ್ನ ದನಿ ಜೋರಾಗಿ ಕೇಳಿಸಿದ್ರ ತಾನಾಗೇ ಇಳಿಸ್ತಾನ. ಅಂದ ಮ್ಯಾಲೆ ಉಲ್ಟಾ ಮಾಡೋದು: ಅವನ ಕಿವ್ಯಾಗ ಅವನದೇ ದನಿ ಮ್ಯಾಲೆ, ಉಳಿದವರದು ಆರು ಡಿಬಿ ಕೆಳಗ.

ಲ್ಯಾಮಿಂಗ್ಟನ್ ರೋಡ್‌ನಾಗ ಆರು ಆಕ್ಸ್ ಇರೋ ಹಳೇ ಡಿಜಿಟಲ್ ಮಿಕ್ಸರ್ ತಗೊಂಡೆ, ಮೂವತ್ತೇಳೋ ಮೂವತ್ತೆಂಟೋ ಸಾವಿರ. ವೈರ್ ಕಾಣಬಾರ್ದು ಅಂತ ಅಧ್ಯಕ್ಷರು ಹಟ ಹಿಡಿದ್ರು, ಬ್ಲೂಟೂತ್ ಇಯರ್‌ಫೋನ್‌ಗೆ ಏಳು ಸಾವಿರ ಹೋತು. ತಮಾಷೆ ಅಂದ್ರ ಅದೇ. ಬ್ಲೂಟೂತ್‌ನಾಗ ದನಿ ಒಂದ್ ಕ್ಷಣ ತಡಾ ಬರ್ತೈತಿ, ತನ್ನ ಮಾತು ಇನ್ನೂರು ಮಿಲಿಸೆಕೆಂಡ್ ಹತ್ತಿರ ತಡಾ ಆಗಿ ಕಿವಿಗೆ ಬಿದ್ರ ನಾಲಿಗೆ ತೊಡರ್ತೈತಿ. ಬ್ಯಾಂಕ್ ಆಫೀಸರ್ "ಮ...ಮ...ಮಹಾಜನ" ಅಂತ ಅಲ್ಲೇ ನಿಂತ್ರು, ಗಡಿ ಬಗ್ಗೆ ಮಹಾಜನ ಆಯೋಗದ 1967ರ ವರದಿ ತನಕ ಮುಟ್ಟಲೇ ಇಲ್ಲ. ಮನ್ಯಾಗ ನನ್ನ ಭಾವನ ಮ್ಯಾಲೂ ಟ್ರೈ ಮಾಡಿದೆ, ಅಂವ ಎಲ್‌ಐಸಿ ಏಜೆಂಟ್, ಸತತ ಮಾತಾಡೋ ಮನಷ್ಯಾ, ಒಂದ್ ನಿಮಿಷಕ್ಕ ಸುಮ್ಮನಾದ. ಅಕ್ಕ ಆ ಇಯರ್‌ಫೋನ್ ಇಲ್ಲೇ ಬಿಟ್ಟು ಹೋಗು ಅಂದ್ಲು.

ಆಮ್ಯಾಲೆ ವೈರ್ ಇರೋ ಕ್ಲೋಸ್ಡ್ ಹೆಡ್‌ಫೋನ್ ತಂದೆ, ಒಂದಕ್ಕ ಹದಿನಾಲ್ಕು ಹದಿನೈದು ನೂರು. ಟಿವಿ ಪಳಗಿದವ್ರು ರೂಢಿ ಪ್ರಕಾರ ಬೆರಳು ಎತ್ತಿ "ನಾ ಕೇಳ್ತೀನಿ, ಬೆಳಗಾವಿ..." ಅಂತ ಶುರು ಮಾಡಿದ್ರು, ಬೆರಳು ಅಲ್ಲೇ ನಿಂತಿತು, ಹೆಡ್‌ಫೋನ್ ಒಂದ್ ಸಲ ಮುಟ್ಟಿ ನೋಡ್ಕೊಂಡ್ರು, ಆಮ್ಯಾಲೆ ಅದೇ ವಾಕ್ಯ ಮನ್ಯಾಗ ಮಾತಾಡೋ ದನಿಯಾಗ ಮುಗಿಸಿದ್ರು. ಎದುರಿನ ಯೂನಿಯನ್‌ನವ್ರಿಗೂ ಉತ್ತರ ಕೊಡಾಕ ಕೂಗೋ ಕಾರಣ ಉಳೀಲಿಲ್ಲ. ಡಕರ್ ಈಗೂ ಇಟ್ಟೇನಿ, ಆದ್ರ ರೆಕಾರ್ಡಿಂಗಿಗಲ್ಲ, ಕಿವಿಯ ಫೀಡಿಗೆ. ಅದರ ಥ್ರೆಶೋಲ್ಡ್ (ಎಷ್ಟು ಜೋರಾದ್ರ ಅದು ಕೆಲಸ ಮಾಡ್ತೈತಿ ಅನ್ನೋ ಮಟ್ಟ) ಎಷ್ಟು, ಚರ್ಚೆ ಶುರು ಆಗೋ ಮೊದಲು ಗೆಸ್ಟ್‌ಗೆ ನಾ ಏನ್ ಹೇಳ್ತೀನಿ, ಇವೆರಡು ನನ್ನ ಹತ್ರಾನೇ ಇರ್ಲಿ, ಹೊಟ್ಟಿಪಾಡು ನೋಡ್ರಿ.

ವ್ಯೂಸ್ ಬಿದ್ವಾ? ಮೊದಲ ವಾರ ಬಿದ್ವು, ಅಧ್ಯಕ್ಷರು "ನೋಡು, ಹೇಳಿದ್ನೆಲ್ಲ" ಅಂದ್ರು. ಆದ್ರ ನೋಡೋರು ಎಂಟು ಹತ್ತು ನಿಮಿಷ ಕೂತು ನೋಡಾಕತ್ತಿದ್ರು, ಮೊದಲು ಎರಡೂವರೆ ಮೂರಕ್ಕ ಓಡ್ತಿದ್ರು. ಯೂಟ್ಯೂಬ್ ಹೆಂಗೂ ಜೋರಿದ್ದದ್ದನ್ನ ಮೈನಸ್ ಹದಿನಾಲ್ಕು ಅನ್ನೋ ಒಂದೇ ದನಿಮಟ್ಟಕ್ಕ ಇಳಿಸೇ ಇಳಿಸ್ತೈತಿ, ಅಲ್ಲಿ ಒದರಿ ಏನ್ ಗಿಟ್ಟತೈತಿ? ಈಗ ಪುಣೆಯಿಂದಲೂ ಕರೀತಾರ, ಒಂದ್ ಸಂಜಿಗೆ ಆರು ಸಾವಿರ, ಗಾಡಿ ಖರ್ಚು ಬ್ಯಾರೆ.

ಮಾಡೋರು ಒಂದು ನೆನಪಿಡ್ರಿ, ಆಂಕರ್ ಕಿವಿಗೆ ಅವನ ದನಿ ಜಾಸ್ತಿ ಕೊಡಬ್ಯಾಡ್ರಿ. ಪುಣೆಯಾಗ ಕೊಟ್ಟಿದ್ದೆ, ಆಂಕರ್ ಪಿಸುಪಿಸು ಮಾತಾಡಾಕ ಹತ್ತಿದ, ಹಿಂದಿನ ಸಾಲಿನ್ಯಾಗ ಒಬ್ಬ ಅಜ್ಜಾರು ಗೊರಕಿ ಹೊಡೆದಿದ್ದು ಆಡಿಯನ್ಸ್ ಮೈಕ್‌ನಾಗ ಪೂರ್ತಿ ಬಂದೈತಿ.