ಮಳೆಗಾಲದಲ್ಲೂ ಯೂನಿಫಾರ್ಮ್ ಸ್ಕರ್ಟಿನ ನೆರಿಗೆ ನಿಲ್ಲಬೇಕೆಂದರೆ

ಶಾಲೆ ಶುರುವಾಗುವುದೂ ಕಾರವಾರದಲ್ಲಿ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಹಗ್ಗದ ಮೇಲಿನ ಸ್ಕರ್ಟು ಎರಡು ದಿನವಾದರೂ ತಣ್ಣಗೇ ಇರುತ್ತದೆ. ಒಣಗಿತು ಎನ್ನುವಾಗ ಕರೆಂಟು ಹೋಗಿರುತ್ತದೆ. ಹೀಗಿರುವಾಗ ಬೆಳಗಿನ ಗಡಿಬಿಡಿಯಲ್ಲಿ ಒಂದೊಂದೇ ನೆರಿಗೆ ಹಿಡಿದು ಇಸ್ತ್ರಿ ಮಾಡುವುದು ಆಗುವ ಮಾತಲ್ಲ, ಮಾಡಬೇಕಾಗಿಯೂ ಇಲ್ಲ. ನೆರಿಗೆ ಕೆಡುವುದು ಬಕೆಟ್ಟಿನಲ್ಲಿ ಹಿಂಡುವಾಗ ಮತ್ತು ಹಗ್ಗದ ಮೇಲೆ ನಡು ಮಡಚಿ ಹಾಕುವಾಗ. ಈ ಎರಡು ಕಡೆ ಕಾಪಾಡಿಕೊಂಡರೆ ಇಸ್ತ್ರಿಯ ಕೆಲಸ ಬಹಳಷ್ಟು ಇಳಿಯುತ್ತದೆ.

ಮೊದಲು ಬಟ್ಟೆ ಯಾವುದೆಂದು ತಿಳಿದುಕೊಳ್ಳಿ. ಒಳಗಿನ ಹೊಲಿಗೆಯಿಂದ ಒಂದು ಎಳೆ ಬಟ್ಟೆ ಬಿಡಿಸಿ ಬೆಂಕಿಕಡ್ಡಿ ತಾಗಿಸಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ ಅಥವಾ ವಿಸ್ಕೋಸ್. ಎರಡೂ ಲಕ್ಷಣ ಕಂಡರೆ ಮಿಶ್ರಣ. ಯೂನಿಫಾರ್ಮಿನಲ್ಲಿ ಹೆಚ್ಚಾಗಿ ಸಿಗುವುದು ಮಿಶ್ರಣದ್ದೇ. ಹತ್ತಿಯ ನೆರಿಗೆ ನೀರು ತಾಗಿದೊಡನೆ ಬಿಟ್ಟುಕೊಳ್ಳುತ್ತದೆ, ಅದಕ್ಕೆ ಪ್ರತಿ ಸಲ ಇಸ್ತ್ರಿ ಬೇಕೇ ಬೇಕು. ಪಾಲಿಯೆಸ್ಟರ್ ಹಾಗಲ್ಲ. ಸುಮಾರು 70–80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಎಳೆ ಮೆತ್ತಗಾಗುತ್ತದೆ, ಆಗ ಯಾವ ಮಡಿಕೆಯಲ್ಲಿತ್ತೋ ಆರುವಾಗ ಅದನ್ನೇ ಹಿಡಿದುಕೊಳ್ಳುತ್ತದೆ. ಆದ್ದರಿಂದಲೇ ಬಚ್ಚಲ ಹಂಡೆಯ ಕುದಿನೀರು ಸುರಿದು ಹಿಂಡಬಾರದು, ಸುಕ್ಕೇ ಅಚ್ಚು ಕೂತುಬಿಡುತ್ತದೆ. ಇಂಥ ಸ್ಕರ್ಟಿಗೆ ತಣ್ಣೀರೇ ಸರಿ.

ಒಗೆಯುವ ಮುಂಚೆ ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚಿಬಿಡುವ ತಾತ್ಕಾಲಿಕ ಹೊಲಿಗೆ, ಹಾಕಿ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಇದೇ. ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಕಿಲ್ಟಿಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಹಿಡಿಯುತ್ತದೆ. ಅದರ ನೆರಿಗೆ ಒತ್ತುವ ಮುಂಚೆ ಹೊಲಿಯುವವರು ಅಷ್ಟನ್ನೂ ಕಚ್ಚಾ ಹೊಲಿಗೆಯಲ್ಲಿ ಕಟ್ಟಿಡುತ್ತಾರೆ. ನಮ್ಮ ಸ್ಕರ್ಟಿಗೂ ಅದೇ ಉಪಾಯ. ಸ್ಕರ್ಟನ್ನು ಚಾಪೆಯ ಮೇಲೆ ಹರವಿ, ಸೊಂಟಪಟ್ಟಿಯಿಂದ ಕೆಳಗೆ ಬೆರಳಾಡಿಸುತ್ತ ಹಳೆಯ ಮಡಿಕೆಯ ಗೆರೆಗೇ ನೆರಿಗೆ ಕೂರಿಸಿ. ಬಿಳಿ ಹತ್ತಿ ನೂಲು ತೆಗೆದುಕೊಳ್ಳಿ. ಬಿಳಿಯದಾದರೆ ಬಣ್ಣ ಬಿಡುವುದಿಲ್ಲ, ಗಾಢ ಬಟ್ಟೆಯ ಮೇಲೆ ಕಣ್ಣಿಗೂ ಬೀಳುತ್ತದೆ. ಕೆಳಅಂಚಿನಿಂದ 2 ಇಂಚು ಮೇಲೆ ಒಂದು ಸಾಲು, ನಡುಮಧ್ಯ ಇನ್ನೊಂದು ಸಾಲು. ಪ್ರತಿ ನೆರಿಗೆಯ ಹೊರಅಂಚನ್ನು ಅದರ ಅಡಿಯ ಬಟ್ಟೆಗೆ ಸೇರಿಸಿ ಒಂದೊಂದು ಉದ್ದ ಹೊಲಿಗೆ ಸಾಕು. ಗಂಟು ಹಾಕಬೇಡಿ, ಎರಡೂ ತುದಿಯಲ್ಲಿ 3 ಇಂಚು ನೂಲು ಬಿಟ್ಟಿರಿ. ಬಿಚ್ಚುವಾಗ ಒಂದೇ ಎಳೆತಕ್ಕೆ ಬರುತ್ತದೆ. ನೂಲನ್ನು ಬಿಗಿಯಾಗಿ ಎಳೆದರೆ ಬಟ್ಟೆಯ ಮೇಲೆ ಗುಳಿ ಬೀಳುತ್ತದೆ, ಸಡಿಲವಾಗಿಯೇ ಇರಲಿ. ಅವಸರಕ್ಕೆ ಪಿನ್ನು ಚುಚ್ಚುವವರುಂಟು. ಕಡಲ ತೀರದ ಉಪ್ಪುಗಾಳಿಯಲ್ಲಿ ಒದ್ದೆ ಬಟ್ಟೆಗೆ ಕಬ್ಬಿಣ ತಾಗಿದರೆ ತುಕ್ಕಿನ ಕಲೆ ಖಂಡಿತ, ಅದು ಹೋಗುವುದೂ ಕಷ್ಟ.

ಸೋಪಿನ ನೀರಿನಲ್ಲಿ 15 ನಿಮಿಷ ನೆನೆಸಿ, ಕೊಳೆ ಕೂತ ಕೆಳಅಂಚನ್ನು ನೆರಿಗೆಯ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ. ಹಿಂಡದೆ, ಸೊಂಟಪಟ್ಟಿ ಹಿಡಿದು ಹಾಗೇ ಎತ್ತಿ ಹಗ್ಗಕ್ಕೆ ತೂಗುಹಾಕಿ. ಸುರಿಯುವ ನೀರಿನ ಭಾರವೇ ನೆರಿಗೆಯನ್ನು ಕೆಳಕ್ಕೆ ಎಳೆದು ನೇರ ಮಾಡುತ್ತದೆ. ಆರರಿಂದ ಎಂಟು ಪ್ಲಾಸ್ಟಿಕ್ ಕ್ಲಿಪ್ಪು ಹಾಕಿದರೆ ಸೊಂಟ ಜೋತುಬೀಳುವುದಿಲ್ಲ. ಮಶೀನಿಗೆ ಹಾಕುವುದಾದರೆ ಹಳೆಯ ಲೆಗ್ಗಿಂಗ್ಸಿನ ಒಂದು ಕಾಲು ಕತ್ತರಿಸಿ, ಉದ್ದಕ್ಕೆ ಸುತ್ತಿದ ಸ್ಕರ್ಟನ್ನು ಅದರೊಳಗೆ ತೂರಿಸಿ, ಎರಡೂ ತುದಿ ಕಟ್ಟಿ. ಸ್ಪಿನ್ ಒಂದು ನಿಮಿಷ ಮೀರದಿರಲಿ.

ಒಳಗೆ ಒಣಗಿಸುವಾಗ ಫ್ಯಾನಿನ ಗಾಳಿ ಕೆಳಅಂಚಿಗೆ ತಾಗುವಂತಿರಲಿ. ಮಡಿಕೆ ಮೂರು ಪದರ, ಅಂಚು ಇನ್ನೂ ದಪ್ಪ, ಒದ್ದೆ ಕೊನೆಗೆ ಉಳಿಯುವುದು ಅಲ್ಲೇ. ಮುಗ್ಗುಲು ವಾಸನೆ ಹುಟ್ಟುವುದೂ ಅಲ್ಲಿಂದಲೇ. ಶಿರಸಿ ಕಡೆಯ ಮನೆಗಳಲ್ಲಿ ಬಚ್ಚಲ ಒಲೆಯ ಹತ್ತಿರ ಒಣಗಿಸುವ ರೂಢಿ ಇದೆ. ಉರಿ ಆರಿ ಕೆಂಡವಷ್ಟೇ ಇರುವಾಗ, ನಾಲ್ಕೈದು ಅಡಿ ದೂರದಲ್ಲಿ ತೂಗುಹಾಕಿ. ಉರಿಯಿದ್ದಾಗ ಹಾಕಿದರೆ ಹೊಗೆ ವಾಸನೆ ಹಿಡಿಯುತ್ತದೆ, ಕಿಡಿ ಹಾರಿದರೆ ಪಾಲಿಯೆಸ್ಟರಿಗೆ ತೂತು.

ಇಸ್ತ್ರಿಯನ್ನು ಕಚ್ಚಾ ಹೊಲಿಗೆ ಬಿಚ್ಚದೆಯೇ ಮಾಡಿ. ಮಿಶ್ರಣದ ಬಟ್ಟೆಗೆ ಇಸ್ತ್ರಿಪೆಟ್ಟಿಗೆಯ ಗುಂಡಿಯಲ್ಲಿ ಎರಡು ಚುಕ್ಕಿಯ ಶಾಖ, ಅಂದರೆ ಹೆಚ್ಚೆಂದರೆ 150 ಡಿಗ್ರಿ. ಹಳೆ ಪಂಚೆಯ ತುಂಡು ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಮೇಲೆ ಹಾಸಿ. ನೇರ ಇಸ್ತ್ರಿ ತಾಗಿದರೆ ನೀಲಿ, ಕಪ್ಪು ಬಟ್ಟೆ ಮಿರಮಿರ ಹೊಳೆಯತೊಡಗುತ್ತದೆ, ಆ ಹೊಳಪು ಹೋಗುವುದಿಲ್ಲ. ಪೆಟ್ಟಿಗೆಯನ್ನು ಎಳೆದಾಡದೆ ಒತ್ತಿ, ಎಂಟು ಹತ್ತು ಎಣಿಸಿ, ಎತ್ತಿ ಮುಂದಿನದಕ್ಕೆ ಇಡಿ. ಎಳೆದರೆ ಮಡಿಕೆ ಜಾರಿ ಜೋಡಿಗೆರೆ ಬೀಳುತ್ತದೆ. ನಂತರ ಸ್ಕರ್ಟು ಪೂರ್ತಿ ಆರುವ ತನಕ ಅಲ್ಲಿಂದ ಎತ್ತಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಬಿಸಿ ಇರುವಾಗಲೇ ಎತ್ತಿ ತೊಟ್ಟರೆ, ಆಗ ತಾನೇ ಕೂರಿಸಿದ ಗೆರೆ ಮೈಯ ಆಕಾರಕ್ಕೆ ಬಾಗುತ್ತದೆ. ಇದ್ದಿಲ ಪೆಟ್ಟಿಗೆಯಾದರೆ ಶಾಖ ಹಿಡಿತಕ್ಕೆ ಸಿಗದು, ಮೊದಲು ಪಂಚೆಯ ಮೇಲೆ ಒಮ್ಮೆ ಇಟ್ಟು ನೋಡಿ.

ಕರೆಂಟಿಲ್ಲದ ದಿನ ಹಾಸಿಗೆಯಡಿ ಇಡುವುದೂ ನಡೆಯುತ್ತದೆ, ಕಚ್ಚಾ ಹೊಲಿಗೆಯಿದ್ದು ಪೂರ್ತಿ ಒಣಗಿದ್ದರೆ ಮಾತ್ರ. ಗಂಜಿ ಹತ್ತಿ ಬಟ್ಟೆಗಷ್ಟೇ, ಅದೂ ಬೆಳ್ತಿಗೆ, ಅಂದರೆ ಕುಚ್ಚಲಲ್ಲದ ಬಿಳಿ, ಅಕ್ಕಿಯ ತಿಳಿ ಗಂಜಿ. ಗಂಜಿ ಹಾಕಿದ ಬಟ್ಟೆಯನ್ನು ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟರೆ ಬೂಷ್ಟು ಬರುತ್ತದೆ.

ಹೊಸದು ಹೊಲಿಸುವಾಗ ದರ್ಜಿಗೆ ಎರಡು ಮಾತು ಹೇಳಿ. ನೆರಿಗೆಯ ಒಳಮಡಿಕೆಯ ಅಂಚಿಗೆ 2 ಮಿಲಿಮೀಟರ್ ಬಿಟ್ಟು, ಬಟ್ಟೆಯದೇ ಬಣ್ಣದ ನೂಲಿನಲ್ಲಿ ಮೇಲಿನಿಂದ ಕೆಳತನಕ ಮಶೀನು ಹೊಲಿಗೆ ಓಡಿಸಲಿ. ಹೊರಗೆ ಕಾಣುವುದಿಲ್ಲ, ಆದರೆ ಒಗೆದ ಮೇಲೂ ನೆರಿಗೆ ತಾನಾಗಿ ಅದೇ ಗೆರೆಗೆ ಮರಳುತ್ತದೆ. ಬಟ್ಟೆಯಲ್ಲಿ ಜಿಪುಣತನವೂ ಬೇಡ. 1 ಇಂಚು ಕಾಣುವ ನೆರಿಗೆಗೆ 3 ಇಂಚು ಬಟ್ಟೆ ಹೋಗಬೇಕು, ಸೊಂಟ 24 ಇಂಚಿದ್ದರೆ 72 ಇಂಚು, ಹೊಲಿಗೆಗೆ ಬಿಡುವುದು ಬೇರೆ. ಇದರಲ್ಲಿ ಉಳಿಸಿದರೆ, ಅಥವಾ ಪೃಷ್ಠದ ಹತ್ತಿರ ಬಿಗಿಯಾದರೆ, ಎಷ್ಟು ಒತ್ತಿದರೂ ನೆರಿಗೆ ಬಾಯಿ ಬಿಟ್ಟೇ ಇರುತ್ತದೆ.