ದಾನದ ಕಿಡ್ನಿ: ತಣ್ಣಗಿರಬೇಕು, ಹೆಪ್ಪುಗಟ್ಟಬಾರದು

ದಾನಿಯ ಮಹಾಪಧಮನಿಗೆ ಕ್ಲ್ಯಾಂಪ್ (ರಕ್ತ ಹರಿಯದಂತೆ ಹಿಡಿಯುವ ಇಕ್ಕಳ) ಬಿದ್ದ ನಿಮಿಷವನ್ನು ಮೊದಲು ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅಲ್ಲಿಂದಲೇ.

0ರಿಂದ 4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಕೋಶದ ಚಟುವಟಿಕೆ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೆ ಸೋಡಿಯಂ ಹೊರಹಾಕುವ ಪಂಪ್ ಕೂಡ ಮಲಗಿಬಿಡುವುದರಿಂದ ಕೋಶ ನೀರು ಕುಡಿದು ಊದಿಕೊಳ್ಳುತ್ತದೆ. ಬರೀ ಸಲೈನ್ ಇದನ್ನು ತಡೆಯದು. ಅಂಗ ಕಾಪಿಡುವ ಯು.ಡಬ್ಲ್ಯು. (ಯೂನಿವರ್ಸಿಟಿ ಆಫ್ ವಿಸ್ಕಾನ್ಸಿನ್) ದ್ರಾವಣದಲ್ಲಿರುವ ಲ್ಯಾಕ್ಟೋಬಯೊನೇಟ್, ರಾಫಿನೋಸ್ ಎಂಬ ದೊಡ್ಡ ಅಣುಗಳು ಕೋಶದೊಳಕ್ಕೆ ಸುಲಭವಾಗಿ ನುಗ್ಗವು, ನೀರನ್ನು ಹೊರಗೇ ಹಿಡಿದಿಡುತ್ತವೆ. ಎಚ್.ಟಿ.ಕೆ. ಎಂಬ ಇನ್ನೊಂದು ದ್ರಾವಣವಾದರೂ ಸರಿ, ಅದು ತೆಳು, ಬೇಗ ಹರಿಯುತ್ತದೆ, ಪ್ರಮಾಣ ಮಾತ್ರ ಹೆಚ್ಚು ಬೇಕು.

ಹೊರತೆಗೆದ ಕಿಡ್ನಿಯನ್ನು ಸ್ಲಶ್ (ಅರೆಗರಗಿದ ಸ್ಟೆರೈಲ್ ಐಸ್) ಮೇಲಿಟ್ಟ ಬೇಸಿನ್‌ನಲ್ಲಿ, ತಣ್ಣನೆಯ ದ್ರಾವಣದಲ್ಲಿ ಮುಳುಗಿಸಿಡಿ. ಸುಮಾರು ಒಂದು ಮೀಟರ್ ಎತ್ತರಕ್ಕೆ ತೂಗುಹಾಕಿದ ಬಾಟಲಿಯಿಂದ ಅಪಧಮನಿಯ ಮೂಲಕ ಹರಿಸಿ. ವಯಸ್ಕರ ಕಿಡ್ನಿಗೆ ಯು.ಡಬ್ಲ್ಯು. 300ರಿಂದ 500 ಮಿ.ಲೀ. ಸಾಮಾನ್ಯ. ಆದರೆ ಅಳತೆಗಿಂತ ಕಣ್ಣನ್ನು ನಂಬಿ: ಅಭಿಧಮನಿಯಿಂದ ಬರುವ ನೀರು ತಿಳಿಯಾಗಬೇಕು, ಕಿಡ್ನಿ ಎಲ್ಲ ಕಡೆ ಒಂದೇ ಸಮ ಬಿಳಿಚಿಕೊಳ್ಳಬೇಕು. ಒಂದು ತುದಿ ಮಾತ್ರ ನೇರಳೆಯಾಗಿಯೇ ಉಳಿದರೆ ಬೇರೊಂದು ಅಪಧಮನಿ ಇದೆಯೇ, ಕತ್ತರಿಸಿಹೋಗಿದೆಯೇ ಎಂದು ಹುಡುಕಿ.

ಆಮೇಲೆ ಮೂರು ಸ್ಟೆರೈಲ್ ಬ್ಯಾಗ್. ಮೊದಲನೆಯದರಲ್ಲಿ ಕಿಡ್ನಿ ಪೂರ್ತಿ ಮುಳುಗುವಷ್ಟು ದ್ರಾವಣ. ಗಾಳಿ ಹೊರಗೆ ಒತ್ತಿ ಕಟ್ಟಿ. ಎರಡನೆಯದರಲ್ಲಿ ತಣ್ಣನೆಯ ಸಲೈನ್. ಮೂರನೆಯದು ಒಣಗಿರಲಿ. ಹೊರಬ್ಯಾಗಿನ ಮೇಲೆ ಎಡವೋ ಬಲವೋ, ರಕ್ತದ ಗುಂಪು, ದ್ರಾವಣದ ಹೆಸರು, ಕ್ಲ್ಯಾಂಪ್ ಹೊತ್ತು. ಕ್ರಾಸ್‌ಮ್ಯಾಚ್‌ಗೆ (ದಾನಿ-ರೋಗಿ ಹೊಂದಾಣಿಕೆಯ ಪರೀಕ್ಷೆಗೆ) ಗುಲ್ಮದ ತುಂಡು, ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಬೇರೆ ಡಬ್ಬಿಯಲ್ಲಿ ಜೊತೆಗೇ ಹೋಗಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಐಸ್ ಬಾಕ್ಸ್‌ನಲ್ಲಿ. ಪುಡಿಮಾಡಿದ, ಕರಗುತ್ತಿರುವ ಐಸ್ 0 ಡಿಗ್ರಿಯಲ್ಲೇ ನಿಲ್ಲುತ್ತದೆ; ಬೇಕಾದದ್ದು ಅದೇ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಜೆಲ್ ಪ್ಯಾಕ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಐಸಿಗೆ ಉಪ್ಪು ಬೆರೆಸಿದರೂ ಅಷ್ಟೇ. ಡ್ರೈ ಐಸ್ ಅಂತೂ ಹತ್ತಿರ ಸುಳಿಯಬಾರದು. ಹೆಪ್ಪುಗಟ್ಟಿದ ಅಂಗಾಂಶ ಕರಗಿದ ಮೇಲೆ ನೋಡಲು ಸರಿಯಾಗಿಯೇ ಕಂಡೀತು, ಒಳಗಿನ ಸಣ್ಣ ರಕ್ತನಾಳಗಳು ಹರಿದಿರುತ್ತವೆ. ಎರಡನೇ ಬ್ಯಾಗಿನ ಸಲೈನ್ ಪದರ ಇರುವುದೇ ಐಸ್ ನೇರವಾಗಿ ತಾಗದಿರಲೆಂದು, ಅದನ್ನು ಬಿಟ್ಟುಬಿಡಬೇಡಿ.

24 ಗಂಟೆಯೊಳಗೆ ಜೋಡಿಸುವುದು ಗುರಿಯಾಗಿರಲಿ. ತಡವಾದಷ್ಟೂ ಹೊಸ ಕಿಡ್ನಿ ಕೆಲಸ ಶುರುಮಾಡುವುದು ನಿಧಾನ, ರೋಗಿಗೆ ಮತ್ತಷ್ಟು ದಿನ ಡಯಾಲಿಸಿಸ್. ವಯಸ್ಸಾದ ದಾನಿಯದಾದರೆ ಇನ್ನೂ ಬೇಗ ಬೇಕು.

ಬ್ಯಾಗ್ ಬಿಚ್ಚಿ ಕೊಬ್ಬು ಬಿಡಿಸುವಾಗಲೂ ಬೇಸಿನ್‌ನಲ್ಲಿ ಸ್ಲಶ್ ಇರಲೇಬೇಕು. ರಕ್ತನಾಳ ಹೊಲಿಯುವ ಹೊತ್ತಿನಲ್ಲಿ ರೋಗಿಯ ಮೈಬಿಸಿಗೆ ಕಿಡ್ನಿ ಬೆಚ್ಚಗಾಗುತ್ತಾ ಹೋಗುತ್ತದೆ; ಸ್ಲಶ್ ತುಂಬಿದ ಗಾಜ್ ಬಟ್ಟೆ ಸುತ್ತಿ, ಕ್ಲ್ಯಾಂಪ್ ಬಿಡುವ ಮುನ್ನ ತೆಗೆಯಿರಿ.