ಬೋರಾದ ದಿನಗಳನ್ನು ನೋಡಿ ಬ್ರಾಂಚ್ ಆರಿಸಿದೆ

"ಮಗಾ, ಬ್ರಾಂಚ್ ನೀನು ಆರಿಸಲ್ಲ, ರ‍್ಯಾಂಕ್ ಆರಿಸುತ್ತೆ." ಎಂಬಿಬಿಎಸ್ ಇಂಟರ್ನ್‌ಶಿಪ್ ಪೂರ್ತಿ ಹಾಸ್ಟೆಲಿನಲ್ಲಿ ಇದೇ ಮಾತು. ಬ್ರಾಂಚ್ ಅಂದರೆ ಪಿಜಿಯಲ್ಲಿ ಓದುವ ವಿಭಾಗ, ರ‍್ಯಾಂಕ್ ಅಂದರೆ ಅದರ ಪ್ರವೇಶ ಪರೀಕ್ಷೆ ನೀಟ್ ಪಿಜಿಯದು. ಈಗ ನಾನು ಅನಸ್ತೇಷಿಯಾ (ಅರಿವಳಿಕೆ) ಎಂಡಿ ಎರಡನೇ ವರ್ಷ. ಮೆಡಿಸಿನ್ ಆರಾಮಾಗಿ ಸಿಗುವ ರ‍್ಯಾಂಕ್ ಇದ್ದರೂ ಆಯ್ಕೆ ಪಟ್ಟಿಯಲ್ಲಿ ಇದನ್ನೇ ಮೇಲೆ ಹಾಕಿದ್ದೆ. ಆಗ ನಕ್ಕವರೇ ಈಗ ಫೋನ್ ಮಾಡಿ "ಹೆಂಗೆ ಡಿಸೈಡ್ ಮಾಡ್ದೆ?" ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳು. ಆನ್‌ಲೈನ್ ಪ್ರಶ್ನಾವಳಿ ತುಂಬಿದೆ: ಒಮ್ಮೆ ಸೈಕಿಯಾಟ್ರಿ ಬಂತು, ವಾರ ಬಿಟ್ಟು ತುಂಬಿದರೆ ಆರ್ಥೋ. ಕೋಚಿಂಗ್ ಆ್ಯಪ್‌ಗೆ ಮೂವತ್ತು ಸಾವಿರದ ಆಸುಪಾಸು ಕೊಟ್ಟಿದ್ದೆ, ಹೆಚ್ಚುಕಮ್ಮಿ ಒಂದು ತಿಂಗಳ ಸ್ಟೈಪೆಂಡ್. ಅಲ್ಲಿನ ಬ್ರಾಂಚ್ ಸಲಹೆ ಅಂದರೆ ಹಿಂದಿನ ವರ್ಷದ ಕಟಾಫ್ ಅಷ್ಟೇ. ರೋಚಕ ಕೇಸು ನೋಡಿ ತೀರ್ಮಾನಿಸುವುದಂತೂ ಪೂರಾ ದಂಡ. ಮೊದಲ ವಾರ ಎಲ್ಲ ಬ್ರಾಂಚೂ ಚೆಂದವೇ.

ಹಾಗಾಗಿ ಉಲ್ಟಾ ಹಿಡಿದೆ. ಪ್ರತಿ ಪೋಸ್ಟಿಂಗ್‌ನ (ಒಂದೊಂದು ವಿಭಾಗದ ಸರದಿ ಡ್ಯೂಟಿ) ಕೊನೆಗೆ ನೋಟ್‌ಬುಕ್ಕಿನಲ್ಲಿ ಒಂದೇ ಪುಟ: ಇಲ್ಲಿ ದಿನಾ ಬರುವ ಕೇಸು ಯಾವುದು, ಅದೇ ರಾತ್ರಿ ಎರಡಕ್ಕೆ ಮತ್ತೆ ಬಂದರೆ ನನ್ನ ಮನಸ್ಸು ಹೇಗಿರುತ್ತೆ. ಮೆಡಿಸಿನ್ ಒಪಿಡಿಯಲ್ಲಿ ಶುಗರ್, ಬಿಪಿ ಮಾತ್ರೆಯ ರಿಪೀಟ್ ಚೀಟಿ. ಸ್ಕಿನ್‌ನಲ್ಲಿ ಮೆಡಿಕಲ್ ಶಾಪಿನ ಸ್ಟೆರಾಯ್ಡ್ ಮಿಕ್ಸ್ ಕ್ರೀಮ್ ಹಚ್ಚಿಕೊಂಡು ಹಬ್ಬಿಸಿಕೊಂಡ ಹುಳುಕಡ್ಡಿ. ಈ ಎರಡರಲ್ಲೂ ಗಡಿಯಾರ ನೋಡಿದ್ದೇನೆ. ಇಂಟರ್ನಿಗೆ ಅನಸ್ತೇಷಿಯಾ ಎರಡೇ ವಾರ. ಅಲ್ಲಿ ಸಾಲುಸಾಲು ಸಿಸೇರಿಯನ್, ಸಾಲುಸಾಲು ಸ್ಪೈನಲ್, ಅಂದರೆ ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್. ಡ್ರಗ್ ಹೋದ ಮೇಲಿನ ಆ ಹತ್ತು ನಿಮಿಷ, ಬಿಪಿ ಇಳಿಯುತ್ತಾ, ತಾಯಿಗೆ ವಾಕರಿಕೆ ಬರುತ್ತಾ, ಬಿಪಿ ಏರಿಸುವ ಮೆಫೆಂಟರ್‌ಮಿನ್ ಈಗ ಕೊಡಬೇಕಾ ಅನ್ನುವುದು ದಿನದ ಕೊನೇ ಕೇಸಿನಲ್ಲೂ ನನಗೆ ಹಳೆಯದಾಗಲಿಲ್ಲ. ಸಾಲದು ಅಂತ ಸರ್ಜರಿ ಪೋಸ್ಟಿಂಗ್‌ನಲ್ಲೂ ಬಿಡುವಾದಾಗೆಲ್ಲ ಡ್ರೇಪಿನ (ಮರೆಗೆ ಕಟ್ಟುವ ಬಟ್ಟೆ) ಆಚೆ, ಅನಸ್ತೇಷಿಯಾದವರು ಇರುವ ತಲೆಯ ಕಡೆ ಹೋಗಿ ನಿಂತೆ.

ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ನೈಟ್ ಡ್ಯೂಟಿಗಳಲ್ಲಿ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿಕೊಂಡು ನನ್ನದೇ ಹಾರ್ಟ್ ರೇಟ್ ನೋಡುವುದು. ಲೇಬರ್ ರೂಮಿನಲ್ಲಿ 120ರ ಹತ್ತಿರ, ಆಪರೇಷನ್ ಥಿಯೇಟರಿನಲ್ಲಿ ಗಾಬರಿಯ ಹೊತ್ತಲ್ಲೂ 90 ದಾಟುತ್ತಿರಲಿಲ್ಲ. ಇದನ್ನು ಸಾಕ್ಷಿ ಅಂತ ಹೇಳಲ್ಲ, ಆದರೆ ಧೈರ್ಯ ಬಂತು.

ದುಡ್ಡಿನ ವಿಷಯಕ್ಕೆ ಹಾಸನದಿಂದ ಭಾನುವಾರಗಳಂದು ಅರಸೀಕೆರೆ, ತಿಪಟೂರು ಕಡೆ ಕೇಸಿಗೆ ಓಡಾಡುವ ಒಬ್ಬ ಅನಸ್ತೇಷಿಯಾ ಸರ್ ಜೊತೆ ಕಾರಿನಲ್ಲಿ ಹೋದೆ. ಆಗ ಸಿಸೇರಿಯನ್ನಿಗೆ ಮೂರು–ನಾಲ್ಕು ಸಾವಿರ ಸಿಗುತ್ತಿತ್ತು. ಸ್ವಂತ ಮಷೀನು, ಕ್ಲಿನಿಕ್ ಬಾಡಿಗೆ ಇಲ್ಲ. ಆದರೆ ನರ್ಸಿಂಗ್ ಹೋಮಿನವರು ದುಡ್ಡು ಕೊಡೋದು ಎರಡು ಮೂರು ತಿಂಗಳು ತಡ. ಆ ಕಡೆ ರೇಡಿಯಾಲಜಿ ಮ್ಯಾನೇಜ್‌ಮೆಂಟ್ ಸೀಟು ಅಂದರೆ ಕೋಟಿ ದಾಟುವ ಲೆಕ್ಕ. ಆಮೇಲೆ ಲಕ್ಷಗಟ್ಟಲೆಯ ಸ್ಕ್ಯಾನಿಂಗ್ ಮಷೀನು, ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ. ಮೇಷ್ಟ್ರ ಮಗನಿಗೆ ಆ ಲೆಕ್ಕ ಕೂಡುವುದಿಲ್ಲ.

ಆ ಸರ್ ಮನೆಯಲ್ಲಿ ಊಟಕ್ಕೆ ಕೂತಾಗ ಅವರ ಮನೆಯವರು, "ನೋಡಪ್ಪಾ, ಇವರ ತಟ್ಟೆಗೆ ಅನ್ನ ಬಿದ್ದ ಕೂಡಲೇ ಫೋನ್ ಬರುತ್ತೆ" ಅಂದರು. ಸರ್ ಒಂದು ತಿಂಗಳಲ್ಲಿ ಹೇಳದೇ ಇದ್ದದ್ದು ಆ ಒಂದು ಮಾತಿನಲ್ಲಿ ತಿಳಿಯಿತು. ಅಲ್ಲಿಂದ ಮುಂದೆ ಯಾವ ಬ್ರಾಂಚ್ ಆದರೂ ಡಾಕ್ಟರಿಗಿಂತ ಅವರ ಮನೆಯವರನ್ನೇ ಹೆಚ್ಚು ವಿಚಾರಿಸಿದೆ. ಅವರಿಗೆ ತಪ್ಪದೆ ಕೇಳುತ್ತಿದ್ದ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಹಾಕಲ್ಲ.

ಅಪ್ಪ ಮಾತ್ರ "ಮತ್ತು ಕೊಡೋ ಡಾಕ್ಟರಾ? ಆಪರೇಷನ್ ನೀನು ಮಾಡಲ್ವಾ?" ಅಂತ ಸಪ್ಪಗಾದರು. ರೋಗಿ ನಮ್ಮ ಹೆಸರು ಕೇಳುವುದಿಲ್ಲ, ನಿಜ. ಅದು ನನ್ನನ್ನು ಕಾಡುತ್ತಾ ಅಂತ ಮರುದಿನ ವಾರ್ಡಿಗೆ ಹೋಗಿ ಮಾತಾಡಿಸಿ ನೋಡುತ್ತಿದ್ದೆ. ಗುರುತು ಹಿಡಿದವರು ಅಪರೂಪ. ಮಗು ಹಾಲು ಕುಡಿಯುತ್ತಿದೆ, ತಲೆನೋವಿಲ್ಲ ಅಂದರೆ ನನಗೆ ಅಷ್ಟೇ ಸಾಕಾಗುತ್ತಿತ್ತು.

ಇಂಟರ್ನ್‌ಶಿಪ್ ಮಾಡುತ್ತಿರುವವರಿಗೆ: ಇಂಥ ನೋಟ್‌ಬುಕ್ ಪುಟಗಳನ್ನು ನೀಟ್ ಪಿಜಿ ರಿಸಲ್ಟಿಗೆ ಮೊದಲೇ ಕ್ರಮವಾಗಿ ಜೋಡಿಸಿ, ದಿನಾಂಕ ಹಾಕಿಡಿ. ರ‍್ಯಾಂಕ್ ಬಂದ ಮೇಲೆ ಸಿಗುವ ಬ್ರಾಂಚೇ ಇಷ್ಟದ ಬ್ರಾಂಚ್ ಅಂತ ಮನಸ್ಸು ವಾದ ಶುರು ಮಾಡುತ್ತೆ. ಸೀಟು ಹಂಚುವ ಎಂಸಿಸಿ (ಕೇಂದ್ರದ್ದು), ಕೆಇಎ (ರಾಜ್ಯದ್ದು) ಎರಡರ ಆಪ್ಷನ್ ಎಂಟ್ರಿಗೂ ನಾನು ಅದೇ ಕ್ರಮ ಇಟ್ಟೆ. ಕಾಲೇಜುಗಳನ್ನು ಹೇಗೆ ಜೋಡಿಸಿದೆ ಅನ್ನುವುದನ್ನು ನಮ್ಮ ಜೂನಿಯರ್ಸ್ ಎದುರು ಸಿಕ್ಕಾಗ ಹೇಳುತ್ತೇನೆ. ಸೇರಿದ ಮೇಲೆ ಸೀಟು ಬಿಟ್ಟರೆ ದಂಡವೇ ಲಕ್ಷಗಳಲ್ಲಿದೆ.